ಹುಳದ ಮನೆಯ ದೆವ್ವ

ಹೋದ ಭಾನುವಾರ ಸುಗಟೂರಿನಲ್ಲಿ ಒಬ್ಬರ ಮನೆಗೆ ಹೋಗಿದ್ದೆ. ಬಾಗಿಲಲ್ಲೇ ನಿಲ್ಲಿಸಿ, ಸ್ನಾನ ಮಾಡ್ಕೊಂಡು ಬನ್ನಿ ಅಂದರು.

ಮನೆಯಲ್ಲಿ ಸ್ನಾನ ಮಾಡೇ ಹೊರಟಿದ್ದೆ. ತಲೆಗೂ ಹಾಕ್ಕೊಂಡಿದ್ದೆ. ಇಸ್ತ್ರಿ ಮಾಡಿದ ಕಾಟನ್ ಸೀರೆ ಬೇರೆ. ಹತ್ತೊಂಬತ್ತು ವರ್ಷದಿಂದ ಲೆಕ್ಚರರ್ ಆಗಿರುವ, ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ನಾಲ್ಕು ಜನ ಎದ್ದು ಜಾಗ ಬಿಡುವ ಹೆಂಗಸಿಗೆ ಹಾಗೆ ಹೇಳಬಹುದಾ? ಹೇಳಿದರು. ನಾನು ತುಟಿಪಿಟಕ್ಕೆನ್ನದೆ ಅವರ ಹಿತ್ತಲ ಬಚ್ಚಲಿಗೆ ಹೋಗಿ, ಸೀಗೆಪುಡಿ ಹಾಕಿ ತಿಕ್ಕಿಕೊಂಡು, ಅವರು ಕೊಟ್ಟ ಒಗೆದ ಹಳೇ ಸೀರೆ ಉಟ್ಟು ಬಂದೆ. ನಿಜ ಹೇಳ್ತೀನಿ, ಈ ವರ್ಷ ನನಗೆ ಯಾರೂ ಅಷ್ಟು ದೊಡ್ಡ ಮರ್ಯಾದೆ ಕೊಟ್ಟಿರಲಿಲ್ಲ.

ತಲೆ ಕೆಟ್ಟಿದೆಯಾ ಇವಳಿಗೆ ಅಂತೀರಾ? ಇಲ್ಲ. ಆದರೆ ವಿಷಯ ಗೊತ್ತಾಗಬೇಕಾದರೆ ನಿಮಗೊಂದು ದೆವ್ವದ ಕಥೆ ಹೇಳಬೇಕು.

ನಾನು ಕಾಲೇಜಿನಲ್ಲಿ ಕನ್ನಡದ ಜೊತೆಗೆ ಪತ್ರಿಕೋದ್ಯಮವನ್ನೂ ಪಾಠ ಮಾಡುತ್ತೇನೆ (ಅದಕ್ಕೆ ಬೇರೆ ಯಾರೂ ಸಿಗಲಿಲ್ಲ. 'ನೀವು ಹೇಗೂ ಪೇಪರಿಗೆ ಬರೀತೀರಲ್ಲ ಮೇಡಂ' ಅಂತ ನನ್ನ ತಲೆಗೆ ಕಟ್ಟಿದರು). ಫೈನಲ್ ಇಯರಿನವರು ಗುಂಪು ಮಾಡಿಕೊಂಡು ಐದು ನಿಮಿಷದ ಕಿರುಚಿತ್ರ ಮಾಡಬೇಕು ಅಂತ ಸಿಲಬಸ್ಸಿನಲ್ಲಿದೆ. ಕ್ಯಾಮೆರಾ ಎಲ್ಲಿಂದ ತರಬೇಕು ಅಂತ ಸಿಲಬಸ್ಸಿನಲ್ಲಿಲ್ಲ.

ಆದರೂ ಮಕ್ಕಳು ಬಿಡುತ್ತಾರಾ? ಎಲ್ಲ ಗುಂಪುಗಳೂ ವಿಷಯ ಬರೆದುಕೊಂಡು ಬಂದವು. ಒಂದು ಗುಂಪಿಗೆ ಸಾಕ್ಷರತೆ. ಒಂದಕ್ಕೆ ಪ್ಲಾಸ್ಟಿಕ್. ಎರಡಕ್ಕೆ ಮಳೆ ನೀರಿನ ಕೊಯ್ಲು. ಎಲ್ಲ ಚಿತ್ರಗಳ ಕೊನೆಯಲ್ಲೂ ಒಬ್ಬ ಹಿರಿಯರು ಬಂದು ಬುದ್ಧಿ ಹೇಳುತ್ತಾರೆ. ಕೊನೇ ಗುಂಪಿನ ಹಾಳೆಯಲ್ಲಿ ಮಾತ್ರ ಒಂದೇ ಪದ ಇತ್ತು. ಹಾರರ್.

ಆ ಗುಂಪಿನಲ್ಲಿ ಆರು ಜನ. ಅದರಲ್ಲಿ ಮೂವರು ನಿಮಗೆ ಗೊತ್ತಾದರೆ ಸಾಕು. ಇಮ್ರಾನ್, ಅವನ ಮಾವನಿಗೆ ಕ್ಲಾಕ್ ಟವರ್ ಹತ್ತಿರ ಮದುವೆ ವಿಡಿಯೋ ಸ್ಟುಡಿಯೋ ಇದೆ, ಹಾಗಾಗಿ ಕ್ಯಾಮೆರಾ ಅವನದು. ಭಾರ್ಗವಿ, ಮಾಲೂರಿನಿಂದ ದಿನಾ ಬರುವ ಹುಡುಗಿ, ಉದ್ದ ಜಡೆ ಇರುವುದರಿಂದ ದೆವ್ವದ ಪಾತ್ರ ಅವಳದು. ಮತ್ತೆ ಮಂಜುಳ. ಕೊನೇ ಬೆಂಚು. ಮೂರು ವರ್ಷದಲ್ಲಿ ಅವಳು ನನ್ನ ಹತ್ತಿರ ಆಡಿದ ಮಾತು ಎಣಿಸಿದರೆ 'ಪ್ರೆಸೆಂಟ್ ಮೇಡಂ' ಅನ್ನುವುದೇ ಜಾಸ್ತಿ. ಸಂಜೆ ಬೆಲ್ ಹೊಡೆದರೆ ಸುಗಟೂರು ಬಸ್ಸಿಗೆ ಓಡುವವಳು.

ಐಡಿಯಾ ಅವಳದು. ಎದ್ದು ನಿಂತು, ನೆಲ ನೋಡಿಕೊಂಡು ಹೇಳಿದಳು.

"ನಮ್ಮ ಹುಳದ ಮನೇಲಿ ಒಂದು ಶಬ್ದ ಬರ್ತದೆ ಮೇಡಂ. ಅದನ್ನ ಹಿಡಿದ್ರೆ ಸಾಕು. ದೆವ್ವ ಕಾಣಿಸೋದೂ ಬೇಕಾಗಿಲ್ಲ."

ಹುಳ ಅಂದರೆ ರೇಷ್ಮೆ ಹುಳ. ಅದು ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಪೊರೆ ಬಿಡುತ್ತೆ. ಪ್ರತಿ ಸಲವೂ ಮೇವು ಬಿಟ್ಟು, ತಲೆ ಎತ್ತಿಕೊಂಡು, ಅಲ್ಲಾಡದೆ ಕೂರುತ್ತೆ. ಅದಕ್ಕೆ ನಮ್ಮ ಕಡೆ 'ಜ್ವರ' ಅಂತಾರೆ. ಮೊದಲನೇ ಜ್ವರ, ಎರಡನೇ ಜ್ವರ, ಹೀಗೆ. ನಾಲ್ಕನೇ ಜ್ವರದಿಂದ ಎದ್ದ ಹುಳಕ್ಕೆ ಹಸಿವು ಅಂದರೆ ಹಸಿವು. ಹಿಪ್ಪುನೇರಳೆ ಸೊಪ್ಪನ್ನು ಹಗಲೂ ರಾತ್ರಿ ತಿನ್ನುತ್ತೆ. ಸಾವಿರಾರು ಹುಳ ಒಟ್ಟಿಗೆ ತಿನ್ನುವ ಶಬ್ದ ಇಡೀ ಮನೆ ತುಂಬುತ್ತೆ. ಮಂಜುಳ ಚಿಕ್ಕವಳಿದ್ದಾಗ ಅದೇ ಶಬ್ದದಲ್ಲಿ ಮಲಗುತ್ತಿದ್ದಳಂತೆ.

ಕಥೆ ಏನಪ್ಪಾ ಅಂದರೆ, ಹುಳದ ಮನೆಯ ಸೊಸೆಗೂ ಜ್ವರ ಬರುತ್ತೆ. ಹುಳ ಜ್ವರಕ್ಕೆ ಕೂತಾಗೆಲ್ಲ ಅವಳೂ ಮಲಗುತ್ತಾಳೆ. ಹುಳ ಎದ್ದರೆ ಅವಳೂ ಏಳುತ್ತಾಳೆ. ನಾಲ್ಕನೇ ಜ್ವರ ಬಿಟ್ಟ ದಿನ ಚಾಪೆ ಮೇಲೆ ಅವಳಿಲ್ಲ. ಶಬ್ದ ಮಾತ್ರ ಇದೆ. ಅವಳಿಗೂ ಹಸಿವಾಗಿದೆ. ಅಷ್ಟೇ. ಹೆಸರು, 'ನಾಲ್ಕನೇ ಜ್ವರ'.

ನನ್ನ ಕೈ ಮೇಲಿನ ರೋಮ ನಿಂತಿತ್ತು. 'ಪರವಾಗಿಲ್ಲ, ಲಾಜಿಕ್ ಸ್ವಲ್ಪ ವೀಕು' ಅಂದೆ. (ಲೆಕ್ಚರರ್ ಅಲ್ವಾ, ಒಂದೇ ಸಲಕ್ಕೆ ಚೆನ್ನಾಗಿದೆ ಅಂದರೆ ಆಗುತ್ತಾ?)

ಜಾಗ ಸಿಗುವುದು ಸುಲಭ ಇರಲಿಲ್ಲ. ಹುಳದ ಮನೆಗೆ ಹೊರಗಿನವರನ್ನು ಬಿಡುವುದಿಲ್ಲ. ವಾಸನೆ ಆಗಲ್ಲ, ಹೊಗೆ ಆಗಲ್ಲ, ಪಕ್ಕದಲ್ಲಿ ಒಗ್ಗರಣೆ ಹಾಕಿದರೂ ಆಗಲ್ಲ ಅನ್ನುತ್ತಾರೆ. ಮಂಜುಳನ ಅಜ್ಜಿ ಸುತಾರಾಂ ಒಪ್ಪಲಿಲ್ಲ. ಅಪ್ಪ ನಾರಾಯಣಪ್ಪನೂ ಬೇಡ ಅಂದರು. ಅಮ್ಮ ರತ್ನಮ್ಮ ಮಾತ್ರ, ಹುಟ್ಟಿದಾಗಿನಿಂದ ಏನೂ ಕೇಳದ ಹುಡುಗಿ ಈಗ ಒಂದು ಕೇಳ್ತಾವಳೆ ಅಂತ ಹಟ ಹಿಡಿದರಂತೆ. ಕೊನೆಗೆ ಅಪ್ಪ ಒಂದು ಮಾತು ಹೇಳಿ ಎದ್ದು ಹೋದರು. ಹುಳಕ್ಕೆ ಏನಾದರೂ ಆದರೆ ಕಾಲೇಜು ಅಲ್ಲಿಗೆ ಮುಗೀತು. ಇದನ್ನು ಮಂಜುಳ ಭಾರ್ಗವಿಗೆ ಹೇಳಿದ್ದಳು, ಭಾರ್ಗವಿ ನನಗೆ ಹೇಳಿದಳು. ಅಪ್ಪಂದಿರು ಹಾಗೆಲ್ಲ ಅಂತಾರೆ ಬಿಡು ಅಂದೆ ನಾನು.

ಶೂಟಿಂಗ್ ಡೇಟ್ ಕೊಟ್ಟಿದ್ದು ಹೀರೋಯಿನ್ ಅಲ್ಲ, ಹುಳ. ಅವು ನಾಲ್ಕನೇ ಜ್ವರದಿಂದ ಎದ್ದು ಮೂರು ದಿನ ಆದಮೇಲೆ, ಒಂದು ಗುರುವಾರ ಬೆಳಿಗ್ಗೆ ನಾವು ಸುಗಟೂರು ಬಸ್ ಹತ್ತಿದೆವು. ಉಸ್ತುವಾರಿಗೆ ನಾನೂ ಹೋದೆ.

ಈ ಅಂಕಣದ ಹಳೇ ಓದುಗರಿಗೆ ನನ್ನ ತಲೆನೋವು ಹೊಸದಲ್ಲ. ಅದರ ಮೇಲೆ ಒಂದು ಇಡೀ ವಾರ ಬರೆದು ನಿಮ್ಮ ತಲೆ ತಿಂದಿದ್ದೇನೆ. ನನ್ನ ಬ್ಯಾಗಿನಲ್ಲಿ ಪೆನ್ ಇಲ್ಲದೆ ಇರಬಹುದು, ತಲೆನೋವಿನ ಮುಲಾಮಿನ ಪುಟ್ಟ ಬಾಟಲಿ ಇಲ್ಲದೆ ಇರುವುದಿಲ್ಲ. ಅವತ್ತೂ ಬಸ್ಸಿನಲ್ಲಿ ತಲೆ ಸಿಡಿಯಲು ಶುರುವಾಯಿತು. ಹಚ್ಚಿಕೊಂಡೆ. ಕೈ ಕರ್ಚೀಫಿಗೆ ಒರೆಸಿಕೊಂಡೆ. ನನಗೆ ಇದು ಉಸಿರಾಡಿದ ಹಾಗೆ, ಮಾಡಿದ್ದು ನೆನಪಿರುವುದಿಲ್ಲ.

ಬಾಗಿಲಲ್ಲಿ ರತ್ನಮ್ಮ ನಿಂತಿದ್ದರು. ಸಣ್ಣ ಆಳು, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು. ಹೊಸ್ತಿಲ ಮುಂದೆ ಔಷಧಿ ನೀರಿನಲ್ಲಿ ನೆನೆಸಿದ ಗೋಣಿಚೀಲ, ಅದರ ಮೇಲೆ ಕಾಲಿಟ್ಟೇ ಒಳಗೆ ಹೋಗಬೇಕು. ಅದಕ್ಕೂ ಮೊದಲು ತಪಾಸಣೆ.

ಇಮ್ರಾನ್ ಅತ್ತರು ಹಾಕಿದ್ದ. ಬಚ್ಚಲಿಗೆ ನಡಿಯಪ್ಪ ಅಂದರು. ಭಾರ್ಗವಿ ದೆವ್ವ ಆಗಲೆಂದು ಮುಖದ ತುಂಬ ಪೌಡರ್ ಬಳಿದುಕೊಂಡು, ತಲೆಗೆ ಮಲ್ಲಿಗೆ ಬೇರೆ ಮುಡಿದು ಬಂದಿದ್ದಳು. ಬಚ್ಚಲು. ಹೊಗೆ ಎಬ್ಬಿಸಲು ತಂದಿದ್ದ ಸಾಂಬ್ರಾಣಿ ಪೊಟ್ಟಣ, ರಕ್ತಕ್ಕೆ ತಂದ ಬಣ್ಣ, ಊಟದ ಡಬ್ಬಿಯಲ್ಲಿದ್ದ ಬೆಳ್ಳುಳ್ಳಿ ಚಟ್ನಿಪುಡಿ, ಎಲ್ಲ ಬೇಲಿ ಹತ್ತಿರದ ಕಲ್ಲಿನ ಮೇಲೆ. ಸೋಪೂ ಇಲ್ಲ, ಸೀಗೆಪುಡಿ. ಒಬ್ಬರಾದ ಮೇಲೆ ಒಬ್ಬರು ಆರು ಜನಕ್ಕೂ ಸ್ನಾನ. ಹೊಗೆ ಇಲ್ಲ, ರಕ್ತ ಇಲ್ಲ, ಪೌಡರ್ ಇಲ್ಲ. ಇನ್ನು ಹಾರರ್ ಹೇಗೆ ಮಾಡೋದು ಮೇಡಂ ಅಂತ ಇಮ್ರಾನ್ ಒದ್ದೆ ತಲೆಯಲ್ಲಿ ಅಳುಮುಖ ಮಾಡಿದ. ದಾರಿ ತೋರಿಸಿದವರೂ ರತ್ನಮ್ಮನೇ. ಅಕ್ಕಿಹಿಟ್ಟು ಕಲಸಿ ತಾವೇ ಭಾರ್ಗವಿಯ ಮುಖಕ್ಕೆ ಹಚ್ಚಿದರು. ಕಣ್ಣಿನ ಸುತ್ತ ಹಂಡೆಯ ಮಸಿ. ನೋಡಿದರೆ, ದೇವರಾಣೆ, ಹೆದರಿಕೆ ಆಗುತ್ತಿತ್ತು.

ಎಲ್ಲರದೂ ಆಯಿತು. ನನ್ನ ಸರದಿ. ರತ್ನಮ್ಮ ನನ್ನ ಹತ್ತಿರ ಬಂದು, ಒಂದು ಗಳಿಗೆ ನಿಂತು, ಮೆಲ್ಲಗೆ ಹೇಳಿದರು.

"ಹಂಡೇಲಿ ಇನ್ನೂ ನೀರು ಮಿಕ್ಕೈತೆ ಮೇಡಂ."

ಇರಲಿ ರತ್ನಮ್ಮ, ನಾನು ಬೆಳಿಗ್ಗೆನೇ ಮುಗಿಸ್ಕೊಂಡು ಬಂದಿದ್ದೀನಿ ಅಂದೆ. ಅವರು ದಾರಿ ಬಿಟ್ಟರು. ನಾನು ಗೋಣಿಚೀಲದ ಮೇಲೆ ಕಾಲಿಟ್ಟು, ದೊಡ್ಡ ಮನುಷ್ಯಳಂತೆ ಒಳಗೆ ಹೋದೆ.

ಒಳಗೆ ಮಳೆ ಬರುತ್ತಿತ್ತು. ನಾನು ನಿಜವಾಗಿಯೂ ಕಿಟಕಿ ಕಡೆ ನೋಡಿದೆ. ಹೊರಗೆ ಚುರುಗುಟ್ಟುವ ಬಿಸಿಲು. ನಮ್ಮ ಕೋಲಾರದಲ್ಲಿ ಮಳೆ ದೆವ್ವಕ್ಕಿಂತ ಅಪರೂಪ, ನಿಮಗೇ ಗೊತ್ತಲ್ಲ. ಅಟ್ಟಣಿಗೆಯಂತೆ ಒಂದರ ಮೇಲೊಂದು ಬಿದಿರಿನ ತಟ್ಟೆ, ತಟ್ಟೆ ತುಂಬ ಬಿಳಿ ಹುಳ, ಎಲ್ಲ ತಿನ್ನುತ್ತಿವೆ. ಮಂಜುಳ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಶೂಟಿಂಗ್ ಮಧ್ಯಾಹ್ನದವರೆಗೂ ನಡೆಯಿತು. ನಮ್ಮ ದೆವ್ವಕ್ಕೆ ಹುಳ ಕಂಡರೆ ಭಯ ಅಂತ ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. ಒಂದು ಹುಳ ಕೈ ಮೇಲೆ ಹತ್ತಿದ್ದೇ ತಡ, ಭಾರ್ಗವಿ ಕಿರುಚಿದ ರಭಸಕ್ಕೆ ಅಜ್ಜಿ ಹಿತ್ತಲಿನಿಂದ ಓಡಿ ಬಂದರು. ಬಂದವರು ಬಿಳಿ ಮುಖ, ಕಪ್ಪು ಕಣ್ಣು, ಬಿಚ್ಚಿದ ಕೂದಲು ನೋಡಿ ಬಾಗಿಲಲ್ಲೇ ಕೂತುಬಿಟ್ಟರು. ಕೂಸು ಕಣಮ್ಮ, ಏನೂ ಮಾಡಲ್ಲ ಅಂತ ರತ್ನಮ್ಮ ಸಮಾಧಾನ ಮಾಡಿದ್ದು ಭಾರ್ಗವಿಗೋ ಅಜ್ಜಿಗೋ ತಿಳಿಯಲಿಲ್ಲ. ಕೊನೆಗೆ ಕ್ಲೋಸಪ್ಪಿನಲ್ಲಿ ಹುಳ ಸವರುವ ದೆವ್ವದ ಕೈ ರತ್ನಮ್ಮನದೇ ಆಯಿತು. ಆ ಕೈ ಎಷ್ಟು ಮೆತ್ತಗೆ ಓಡಾಡಿತು ಅಂದರೆ ಇಮ್ರಾನ್ ಕಟ್ ಹೇಳುವುದನ್ನೇ ಮರೆತ.

ನನಗೂ ಆಸೆ ಆಯಿತು. ನಾನೂ ಸೊಪ್ಪು ಹಾಕ್ಲಾ ಅಂತ ಕೇಳಿದೆ. ರತ್ನಮ್ಮ ಮಗಳ ಮುಖ ನೋಡಿದರು. ಮಗಳು ನೆಲ ನೋಡಿದಳು.

"ಕೈ ತೊಳ್ಕೊಳಕ್ಕೆ ನೀರು ಕೊಡ್ಲಾ ಮೇಡಂ?"

ಕೈ ಕ್ಲೀನಾಗೇ ಇದೆ ಅಂತ ಎರಡೂ ಅಂಗೈ ಚಾಚಿ ತೋರಿಸಿದೆ. ಹಾಕಿ ಮೇಡಂ ಅಂದರು. ಕಿಟಕಿ ಪಕ್ಕದ ಕೆಳಗಿನ ಎರಡು ತಟ್ಟೆಗೆ ನಾನೇ, ನನ್ನ ಕೈಯಾರೆ, ಸೊಪ್ಪು ಉದುರಿಸಿದೆ. ಬಹಳ ಖುಷಿಯಾಗಿತ್ತು.

ಸೋಮವಾರ ಮಂಜುಳ ಕ್ಲಾಸಿಗೆ ಬರಲಿಲ್ಲ. ಮಂಗಳವಾರವೂ ಇಲ್ಲ. ಭಾರ್ಗವಿ ಬಂದು ಹೇಳಿದಳು. ಎರಡು ತಟ್ಟೆ ಹುಳ ಮೇವು ಬಿಟ್ಟು, ಮುದುರಿ, ಸತ್ತು ಹೋಗಿವೆ. ಉಳಿದವೂ ಹೋಗುತ್ತವೇನೋ ಅಂತ ಮನೆಯವರಿಗೆ ಭಯ. ಹುಳದ ಮನೇಲಿ ದಯ್ಯಾನ ಕುಣಿಸಿದ್ರೆ ಹುಳ ಉಳೀತಾವಾ ಅಂತ ಅಜ್ಜಿ ಎದೆ ಬಡಿದುಕೊಂಡು ಬೀದಿಗೆಲ್ಲ ಹೇಳಿದ್ದಾರೆ. ಅಪ್ಪ ಹೇಳಿದ ಮಾತಿಗೆ ತಪ್ಪಲಿಲ್ಲ. ಕಾಲೇಜು ಬಂದ್. ಪರೀಕ್ಷೆಗೆ ಇನ್ನು ಎರಡು ತಿಂಗಳೂ ಇಲ್ಲ.

ನನಗೆ ಬಂತು ನೋಡಿ ಕೋಪ. ದೆವ್ವದ ವೇಷ ಹಾಕಿದ್ದಕ್ಕೆ ಹುಳ ಸಾಯುತ್ತಾ? ಅಕ್ಕಿಹಿಟ್ಟು ಬಳಿದುಕೊಂಡಿದ್ದಕ್ಕೆ ಒಂದು ಹುಡುಗಿಯ ಓದು ನಿಲ್ಲಬೇಕಾ? ಯಾವ ಕಾಲದಲ್ಲಿದ್ದೀವಿ? ಸ್ಟಾಫ್ ರೂಮಿನಲ್ಲಿ ಹಾರಾಡಿದೆ. ಸುಗಟೂರಿಗೆ ಹೋಗಿ ಆ ನಾರಾಯಣಪ್ಪನಿಗೆ ಮೂಢನಂಬಿಕೆ ಅಂದರೆ ಏನು ಅಂತ ಪಾಠ ಮಾಡುತ್ತೇನೆ ಅಂತ ಘೋಷಿಸಿದೆ. ಅಷ್ಟೇ ಅಲ್ಲ, ಈ ಅಂಕಣಕ್ಕೆ ಅದರ ಮೇಲೆ ಬರೆಯಲೂ ಶುರು ಮಾಡಿದ್ದೆ. ಎರಡು ಪುಟ ಆಗಿತ್ತು. ಖಾರವಾಗಿ ಬಂದಿತ್ತು. ಮುಗಿಸಿದ್ದರೆ ನೀವು ಓದಿ ಭೇಷ್ ಅಂದು ಪತ್ರ ಬರೆಯುತ್ತಿದ್ದಿರಿ.

ಹೋಗುವ ಮುಂಚೆ ಟೇಪ್ ನೋಡೋಣ ಅನ್ನಿಸಿತು. ದೆವ್ವದಿಂದ ಏನೂ ಆಗಿಲ್ಲ ಅಂತ ಅವರಿಗೆ ತೋರಿಸಬಹುದಲ್ಲ. ಗುರುವಾರ ಸಂಜೆ ಇಮ್ರಾನನ ಮಾವನ ಸ್ಟುಡಿಯೋಗೆ ಹೋದೆ. ಮಂಜುಳ ಬಿಟ್ಟು ಐದೂ ಜನ ಎಡಿಟಿಂಗಿಗೆ ಕೂತಿದ್ದರು. ಮಾವ ಒಳ್ಳೆ ಮನುಷ್ಯ. ಮದುವೆ ಕ್ಯಾಸೆಟ್ಟಿಗೆ ಹಾಕುವ ಗುಲಾಬಿ ಎಸಳು ಉದುರುವ ಎಫೆಕ್ಟ್ ಇದಕ್ಕೂ ಹಾಕ್ತೀನಿ, ಫ್ರೀ ಅಂದ. ಬೇಡ ಅಂತ ಮಕ್ಕಳು ಕೈ ಮುಗಿದರು.

ಇಮ್ರಾನ್ ಟೇಪ್ ಓಡಿಸಿದ. ಒಂದು ಕಡೆ ಬಂದ ತಕ್ಷಣ ಫಾರ್ವರ್ಡ್ ಒತ್ತಿದ. ಯಾಕೋ ಅಂದೆ. ಏನಿಲ್ಲ ಮೇಡಂ, ವೇಸ್ಟ್ ಶಾಟ್ ಅಂದ. ಸುಮ್ಮನಿರುತ್ತೀನಾ? ರಾ ಫುಟೇಜ್ ಪೂರ್ತಿ ನೋಡದೆ ಎಡಿಟ್ ಮಾಡಬಾರದು ಅಂತ ಕ್ಲಾಸಲ್ಲಿ ಬಡ್ಕೊಂಡಿಲ್ವೇನೋ ಅಂತ ಗದರಿದೆ. ಅವನು ಭಾರ್ಗವಿ ಮುಖ ನೋಡಿದ. ಭಾರ್ಗವಿ ಇನ್ನೊಬ್ಬರ ಮುಖ ನೋಡಿದಳು. ಇಮ್ರಾನ್ ರಿವೈಂಡ್ ಮಾಡಿದ.

ಮುಂದೆ ಭಾರ್ಗವಿ, ಅಕ್ಕಿಹಿಟ್ಟಿನ ಮುಖ, ಆಕ್ಷನ್ ಅನ್ನುವುದಕ್ಕೆ ಕಾಯುತ್ತಿದ್ದಾಳೆ. ಹಿಂದೆ, ಕಿಟಕಿ ಹತ್ತಿರ, ಸಾಸಿವೆ ಬಣ್ಣದ ಸೀರೆಯ ಒಬ್ಬ ಹೆಂಗಸು. ಬ್ಯಾಗ್ ತೆಗೆದಳು. ಪುಟ್ಟ ಬಾಟಲಿ ತೆಗೆದಳು. ಹಣೆಗೆ ಹಚ್ಚಿದಳು. ಎರಡೂ ಕಣತಲೆಗೆ ತಿಕ್ಕಿದಳು. ಕತ್ತಿನ ಹಿಂದೆ ತಿಕ್ಕಿದಳು. ಬಾಟಲಿ ಒಳಗಿಟ್ಟಳು. ಆಮೇಲೆ ಅದೇ ಎರಡು ಕೈಯನ್ನು ಸೊಪ್ಪಿನ ಬುಟ್ಟಿಗೆ ಹಾಕಿದಳು.

ಬಸ್ಸಿನಲ್ಲಿ ಹಚ್ಚಿಕೊಂಡಿದ್ದು ನೆನಪಿತ್ತು. ಇದು ನೆನಪೇ ಇರಲಿಲ್ಲ.

ಅಲ್ಲಿದ್ದ ಸ್ಟೂಲಿನ ಮೇಲೆ ಕೂತೆ. ಇದನ್ನ ಯಾವಾಗ ನೋಡಿದ್ರಿ ಅಂತ ಕೇಳಿದೆ. ಸೋಮವಾರ ಅಂದರು. ನಾಲ್ಕು ದಿನ! ನಾಲ್ಕು ದಿನದಿಂದ ಐದೂ ಜನಕ್ಕೆ ಗೊತ್ತು. ನಾನು ಕ್ಲಾಸಿನಲ್ಲಿ ಮೂಢನಂಬಿಕೆಯ ಮೇಲೆ ಭಾಷಣ ಬಿಗಿದಾಗ ಇದೇ ಐದು ಜನ ಎದುರಿಗೆ ಕೂತು ತಲೆ ಆಡಿಸಿದ್ದರು. ನನಗೆ ಯಾಕ್ರೋ ಹೇಳಲಿಲ್ಲ ಅಂದೆ. ಎಲ್ಲರೂ ಟಿವಿ ಕಡೆ ತಿರುಗಿದರು. ಆಮೇಲೆ ಇಮ್ರಾನ್, ನನ್ನನ್ನು ಸಮಾಧಾನ ಮಾಡುವ ದನಿಯಲ್ಲಿ ಹೇಳಿದ.

"ಅದನ್ನ ಕಟ್ ಮಾಡಿದ್ದೀವಿ ಮೇಡಂ. ಫೈನಲ್ ಕಾಪಿಲಿ ಬರಲ್ಲ."

ಎಂಥ ಮಕ್ಕಳು! ಗೆಳತಿಯ ಕಾಲೇಜು ನಿಲ್ಲುತ್ತಿದೆ. ಆದರೂ ಮೇಡಂ ಮುಖಕ್ಕೆ ನೀವೇ ಮಾಡಿದ್ದು ಅನ್ನುವುದು ಹೇಗೆ? ಆ ಮರ್ಯಾದೆ ಕಲಿಸಿದವರು ಯಾರು? ನಾವೇ ತಾನೇ. ಎದುರು ಮಾತಾಡಬೇಡ, ಕೈ ಕಟ್ಟಿ ನಿಲ್ಲು, ದೊಡ್ಡವರು ಹೇಳಿದ್ದು ಕೇಳು ಅಂತ ಒಂದನೇ ಕ್ಲಾಸಿನಿಂದ ತಿದ್ದಿ ತೀಡಿ ಕಳಿಸಿದ್ದೇವೆ. ಕಲಿತಿದ್ದಾರೆ.

ಮಾರನೇ ದಿನ ರಜೆ ಹಾಕಿ ಸುಗಟೂರಿಗೆ ಹೋದೆ. ಮುಲಾಮಿನ ಬಾಟಲಿ ಮನೆಯಲ್ಲಿಟ್ಟು ಹೋದೆ (ದಾರಿಯುದ್ದಕ್ಕೂ ತಲೆ ಸಿಡಿಯಿತು, ಸಿಡಿಯಲಿ ಅಂತ ಬಿಟ್ಟೆ). ಜಗಲಿ ಮೇಲೆ ನಾರಾಯಣಪ್ಪ, ಅಜ್ಜಿ ಇದ್ದರು. ರತ್ನಮ್ಮ ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತರು. ಮಂಜುಳ ಅವರ ಹಿಂದೆ. ಉಳಿದ ಹುಳ ಪುಣ್ಯಕ್ಕೆ ಹಣ್ಣಾಗಿ, ಗೂಡು ಕಟ್ಟಲು ಶುರು ಮಾಡಿದ್ದವು. ಅಂಗಳದ ತುಂಬ ಬಿದಿರಿನ ಚಂದ್ರಿಕೆಗಳನ್ನು ಒರಗಿಸಿದ್ದರು, ಅವುಗಳ ಸುರುಳಿಯಲ್ಲಿ ಹುಳ ನೂಲು ಬಿಡುತ್ತಿದ್ದವು.

ನಾನು ಕೂರಲಿಲ್ಲ. ನಿಂತೇ ಹೇಳಿದೆ. ಮುಲಾಮು ಹಚ್ಚಿದ ಕೈಯಲ್ಲಿ ಸೊಪ್ಪು ಹಾಕಿದ್ದು ನಾನು, ಆ ಎರಡು ತಟ್ಟೆ ಹೋಗಿದ್ದು ನನ್ನಿಂದ, ದೆವ್ವದಿಂದ ಅಲ್ಲ, ಮಕ್ಕಳದು ಏನೂ ತಪ್ಪಿಲ್ಲ. ಹತ್ತೊಂಬತ್ತು ವರ್ಷದ ಸರ್ವೀಸಿನಲ್ಲಿ ನನ್ನ ಬಾಯಿಂದ ತಪ್ಪಾಯ್ತು ಅನ್ನುವ ಪದ ಬಂದಿದ್ದು ಕಡಿಮೆ.

ನಾರಾಯಣಪ್ಪ ದಡಕ್ಕನೆ ಎದ್ದು ನಿಂತರು. ಬೈಯುತ್ತಾರೆ ಅಂದುಕೊಂಡೆ. ಅವರು ಕುರ್ಚಿ ಎಳೆದು, ಟವೆಲ್ಲಿನಿಂದ ಒರೆಸಿ, ಕೂತ್ಕೊಳಿ ಮೇಡಂ ಅಂದರು. ಬಿಡಿ ಮೇಡಂ, ದೊಡ್ಡೋರು ನೀವು, ಗೊತ್ತಿಲ್ದೆ ಆಗಿದ್ದು ಅಂದರು. ದೆವ್ವಕ್ಕೆ ಒಂದು ನ್ಯಾಯ, ಮೇಡಂಗೆ ಒಂದು ನ್ಯಾಯ! ಮಗಳ ಓದು ನಿಲ್ಲಿಸುವಷ್ಟು ಇದ್ದ ಕೋಪ ಎಲ್ಲಿ ಹೋಯಿತು? ನನಗೇ ರೇಗಿತು. ನಾಲ್ಕು ಮಾತು ಬೈಯಿರಿ ನಾರಾಯಣಪ್ಪ ಅಂದೆ. ಅವರು ಕಿವಿ ಮುಟ್ಟಿಕೊಂಡರು. ಅಜ್ಜಿಗೆ ಮಾತ್ರ ನಿರಾಸೆ. ಹಂಗಾರೆ ದಯ್ಯ ಅಲ್ವಾ ಅಂತ ಎರಡು ಸಲ ಕೇಳಿದರು. ಅಷ್ಟು ಜನಕ್ಕೆ ಹೇಳಿಕೊಂಡು ಬಂದಿದ್ದರು ಪಾಪ.

ಸೋಮವಾರದಿಂದ ಕಳಿಸ್ತೀನಿ ಅಂತ ನಾರಾಯಣಪ್ಪ ಹೇಳಿದ ಮೇಲೆ ನಾನು ಹೊರಟೆ. ರತ್ನಮ್ಮ ಬಸ್ ಸ್ಟಾಪಿನವರೆಗೆ ಬಂದರು. ಹುಣಸೆ ಮರದ ಕೆಳಗೆ ನಿಂತೆವು. ಬಸ್ ದೂರದಲ್ಲಿ ಕಂಡಾಗ ಅವರು ಬಾಯಿ ಬಿಟ್ಟರು.

"ನಂಗೆ ಬಾಗ್ಲಲ್ಲೇ ವಾಸನೆ ಬಂತು ಮೇಡಂ."

ಹಂಡೆಯಲ್ಲಿ ನೀರು ಮಿಕ್ಕೈತೆ. ಕೈಗೆ ನೀರು ಕೊಡ್ಲಾ. ಎರಡು ಸಲ ಹೇಳಿದ್ದರು. ಆ ಬಾಯಿಗೆ ಅಷ್ಟೇ ಹೇಳಲು ಸಾಧ್ಯ ಇತ್ತು. ನನ್ನ ಕಿವಿಗೆ ಬೀಳಲಿಲ್ಲ. ಸ್ನಾನ ಮಾಡಿ ಅಂತ ನೇರವಾಗಿ ಯಾಕೆ ಹೇಳಲಿಲ್ಲ ರತ್ನಮ್ಮ ಅಂತ ಕೇಳಿದೆ.

"ಮೇಡಂಗೆ ಹೆಂಗೆ ಹೇಳೋದು? ಮಗು ಮಾರ್ಕ್ಸು ನಿಮ್ಮ ಕೈಲೈತೆ. ಎರಡು ತಟ್ಟೆ ಹೋದ್ರೆ ಹೋಗ್ಲಿ ಅಂದ್ಕೊಂಡೆ."

ಮನೆಯಲ್ಲಾದರೂ ಹೇಳಬಾರದಿತ್ತಾ? ಹೇಳಿದರೆ, ಗೊತ್ತಿದ್ದೂ ಒಳಗೆ ಯಾಕೆ ಬಿಟ್ಟೆ ಅಂತ ತಮ್ಮನ್ನೇ ಹಿಡಿದುಕೊಳ್ಳುತ್ತಿದ್ದರು ಅಂದರು. ಕಾಲೇಜು ನಿಲ್ಲಿಸುತ್ತಾರೆ ಅಂತ ಅವರು ಎಣಿಸಿರಲಿಲ್ಲ. ಒಂದೆರಡು ವಾರ ಹೋಗಲಿ, ಗಂಡನ ಕೋಪ ಇಳಿಯಲಿ, ಆಮೇಲೆ ಹೇಗಾದರೂ ಕಳಿಸೋಣ ಅಂತ ದಿನಾ ದೇವರಿಗೆ ಕೈ ಮುಗೀತಿದ್ದೆ ಅಂದರು. ಆ ಹೆಂಗಸು ಒಂದು ಕಡೆ ಕೂಸಿನ ಹಾಗೆ ಸಾಕಿದ ಹುಳ, ಇನ್ನೊಂದು ಕಡೆ ಮಗಳ ಮಾರ್ಕ್ಸ್ ಇಟ್ಟುಕೊಂಡು, ಬಾಗಿಲಲ್ಲಿ ಒಂದು ಗಳಿಗೆ ನಿಂತಿದ್ದರು. ಆ ಒಂದು ಗಳಿಗೆಯನ್ನು ನಾನು ಮರ್ಯಾದೆ ಅಂದುಕೊಂಡಿದ್ದೆ. ಅದು ಹೆದರಿಕೆ.

ಬಸ್ಸಿನಲ್ಲಿ ಕೂತು ಅತ್ತೆ. ಕಂಡಕ್ಟರ್ ಟಿಕೆಟ್ ಕೂಡ ಆಮೇಲೆ ಕೊಟ್ಟ.

ನಾನು ಹುಟ್ಟಿದ್ದು ಮುಳಬಾಗಿಲಿನಲ್ಲಿ, ಲೆಕ್ಕ ಬರೆಯುವವರ ಮನೆಯಲ್ಲಿ. ನಮ್ಮಜ್ಜಿಯ ಮಡಿ ಇಡೀ ಬೀದಿಗೆ ಗೊತ್ತಿತ್ತು. ಅಲ್ಲೇ ನಿಲ್ಲು, ಮುಟ್ಟಬೇಡ, ಸ್ನಾನ ಮಾಡಿ ಬಾ ಅಂತ ಊರಿಗೆಲ್ಲ ಹೇಳುತ್ತಿದ್ದವರು ನಾವು. ನಮಗೆ ಯಾರೂ ಹೇಳಿದ್ದಿಲ್ಲ. ಕಾಲೇಜಿಗೆ ಸೇರಿದ ಮೇಲೆ ಅಜ್ಜಿಯ ಮಡಿಯನ್ನು ಗೇಲಿ ಮಾಡಿ ಎಷ್ಟು ಸಲ ಬರೆದಿದ್ದೇನೆ! ಆದರೆ ಯಾರ ಮನೆಯ ಹೊಸ್ತಿಲಲ್ಲೂ ನನ್ನನ್ನು ನಿಲ್ಲಿಸುವುದಿಲ್ಲ ಅನ್ನುವ ಧೈರ್ಯ ಇತ್ತಲ್ಲ, ಅದು ಅಜ್ಜಿಯಿಂದಲೇ ಬ್ಯಾಗಿನಲ್ಲಿ ಬಂದಿತ್ತು. ಮುಲಾಮಿನ ಬಾಟಲಿ ಪಕ್ಕದಲ್ಲೇ.

ಸೋಮವಾರ ಮಂಜುಳ ಬಂದಳು. ಚಿತ್ರ ಮುಗಿಯಿತು. ನನ್ನ ಶಾಟ್ ಅದರಲ್ಲಿ ಇರಲಿ ಅಂತ ನಾನು ಹಟ ಮಾಡಿದೆ. ಬೇಡ ಮೇಡಂ, ಲೈಟಿಂಗ್ ಸರಿಯಿಲ್ಲ, ನೀವು ಫೋಕಸ್ಸಲ್ಲೂ ಇಲ್ಲ ಅಂತ ಇಮ್ರಾನ್ ಮೊದಲ ಸಲ ನನ್ನ ಮಾತು ತೆಗೆದುಹಾಕಿದ. ಒಳ್ಳೆ ಹುಡುಗ, ಮುಂದೆ ಬರ್ತಾನೆ. ನಾನೂ ಒಂದು ಚಾನ್ಸ್ ತೆಗೆದುಕೊಂಡೆ. ಇನ್ನೇನಾದರೂ ನನಗೆ ಹೇಳದೆ ಇಟ್ಟುಕೊಂಡಿದ್ದೀರಾ, ಮಾರ್ಕ್ಸ್ ಕಟ್ ಮಾಡಲ್ಲ, ಹೇಳಿ ಅಂದೆ. ಮಂಜುಳ ಬಾಯಿ ತೆಗೆದಳು. ನೀವು ಬೋರ್ಡ್ ಮೇಲೆ ಬರೆಯೋದು ಕೊನೇ ಬೆಂಚಿಗೆ ಕಾಣಲ್ಲ ಮೇಡಂ. ಅಕ್ಷರ ಚಿಕ್ಕದು. ಯಾವಾಗಿನಿಂದ ಅಂದೆ. ಫಸ್ಟ್ ಇಯರಿಂದ ಅಂದಳು.

ಮೂರು ವರ್ಷ! ಮೂರು ವರ್ಷ ಆ ಹುಡುಗಿ ಪಕ್ಕದವಳ ಪುಸ್ತಕ ನೋಡಿ ಬರೆದುಕೊಂಡಿದ್ದಾಳೆ.

ಪ್ರಾಜೆಕ್ಟ್ ತೋರಿಸಿದ ದಿನ ಸೆಮಿನಾರ್ ಹಾಲಿನ ಕಿಟಕಿಗೆಲ್ಲ ಬೆಡ್‌ಶೀಟ್ ಕಟ್ಟಿ, ಟಿವಿ ಇಟ್ಟಿದ್ದೆವು. ಮಳೆ ನೀರಿನ ಕೊಯ್ಲು ಮುಗಿಯಿತು, ಪ್ಲಾಸ್ಟಿಕ್ ಮುಗಿಯಿತು, ಹಿರಿಯರೆಲ್ಲ ಬಂದು ಬುದ್ಧಿ ಹೇಳಿ ಹೋದರು. 'ನಾಲ್ಕನೇ ಜ್ವರ' ಶುರುವಾಯಿತು. ಖಾಲಿ ಚಾಪೆ. ಆ ಶಬ್ದ. ಒಬ್ಬರೂ ಕೆಮ್ಮಲಿಲ್ಲ. ರತ್ನಮ್ಮನ ಕೈ ಬಂದಾಗ ಹಿಂದಿನ ಸಾಲಿನಲ್ಲಿ ಯಾರೋ ಅಯ್ಯೋ ಅಂದರು. ಬೇರೆ ಊರಿನಿಂದ ಬಂದಿದ್ದ ಪರೀಕ್ಷಕರು ಕನ್ನಡಕ ಒರೆಸಿಕೊಂಡು, ಸೌಂಡ್ ಎಫೆಕ್ಟ್ ಚೆನ್ನಾಗಿದೆ, ಯಾವ ಸಿಡಿಯಿಂದ ತಗೊಂಡ್ರಿ ಅಂತ ಕೇಳಿದರು. ಮಂಜುಳ ಎದ್ದು ನಿಂತಳು. ಈ ಸಲ ನೆಲ ನೋಡಲಿಲ್ಲ.

"ಸಿಡಿ ಅಲ್ಲ ಸಾರ್. ಅದು ನಮ್ಮನೆ."

ಪರೀಕ್ಷೆ ಮುಗಿಯಿತು, ರಿಸಲ್ಟ್ ಬಂತು. ಮಂಜುಳ ಫಸ್ಟ್ ಕ್ಲಾಸ್. ಈಗ ನನ್ನ ಕೈಯಲ್ಲಿ ಅವಳ ಯಾವ ಮಾರ್ಕ್ಸೂ ಇಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಹೋದ ವಾರ ಅವಳೇ ಫೋನ್ ಮಾಡಿದಳು. ಹೊಸ ಬೆಳೆ, ಹುಳ ನಾಲ್ಕನೇ ಜ್ವರದಿಂದ ಎದ್ದಿವೆ, ಅಮ್ಮ ನಿಮ್ಮನ್ನ ಕರೀತಾವ್ರೆ ಮೇಡಂ ಅಂದಳು. ಹೋದೆ. ರತ್ನಮ್ಮ ಬಾಗಿಲಲ್ಲಿ ನಿಂತಿದ್ದರು. ಅದೇ ಸೆರಗು, ಅದೇ ಗೋಣಿಚೀಲ. ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಸೆರಗನ್ನು ಇನ್ನೊಂದು ಸಲ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಮೇಡಂ, ಸ್ನಾನ ಮಾಡ್ಕೊಂಡು ಬನ್ನಿ. ಆ ಬ್ಯಾಗು ಹೊರಗೇ ಇಡಿ."

ಬಚ್ಚಲಲ್ಲಿ ಮೊದಲನೇ ಚೊಂಬು ನೀರು ಸುರಿದುಕೊಳ್ಳುವಾಗ ನಗು ಬಂತು. ಎರಡನೇ ಚೊಂಬಿಗೆ ನಗು ನಿಂತು ಹೋಯಿತು. ಹತ್ತೊಂಬತ್ತು ವರ್ಷದಲ್ಲಿ ಕಾಫಿಗೆ, ಊಟಕ್ಕೆ, ಮದುವೆ ಕರೆಯೋಲೆಗೆ ಅಂತ ಎಷ್ಟು ವಿದ್ಯಾರ್ಥಿಗಳ ಮನೆಗೆ ಸೀದಾ ಒಳಗೆ ನುಗ್ಗಿಲ್ಲ ನಾನು?

ಅದರಲ್ಲಿ ಎಷ್ಟು ಮನೆಗಳ ಹಂಡೆಯಲ್ಲಿ ನೀರು ಮಿಕ್ಕಿತ್ತೋ?